ಅಮ್ಮನಿಗೆ ಯಾವ ಸಿನಿಮಾ ತೋರಿಸಲಿ? ತೆರೆಯ ಮೇಲಿನ ಸಲಿಂಗಪ್ರೇಮಿಗಳ ಬಗ್ಗೆ ಒಂದು ಚರ್ಚೆ

ಅಡಕೆತೋಟ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನನ್ನ ತಮ್ಮನಿಗೆ 31 ವರ್ಷ. ಬೆಂಗಳೂರಿನಲ್ಲಿ ಕೆಲಸ. ಯುಗಾದಿಗೆ ಊರಿಗೆ ಬಂದಾಗ ತಾನು ಗೇ ಅಂತ ನನಗೊಬ್ಬಳಿಗೇ ಹೇಳಿದ. ಅವನನ್ನು ಕೇಳಿಯೇ ಇಲ್ಲಿ ಬರೆಯುತ್ತಿದ್ದೇನೆ. ಅಪ್ಪ ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಅವನ ಜಾತಕ ಮಾತ್ರ ಆಗಲೇ ನಾಲ್ಕು ಮನೆ ಸುತ್ತಿ ಬಂದಿದೆ.

ದೀಪಾವಳಿ ಹೊತ್ತಿಗೆ ಅಮ್ಮನಿಗೆ ಹೇಳಬೇಕು ಅಂತ ಅವನ ಆಸೆ. ನನಗೆ ಒಂದೇ ಚಿಂತೆ. ಅಮ್ಮ ಇವತ್ತಿನವರೆಗೆ ಗೊತ್ತಿದ್ದೂ ಗೊತ್ತಿದ್ದೂ ಒಬ್ಬ ಸಲಿಂಗಪ್ರೇಮಿಯ ಜೊತೆ ಕಾಫಿ ಕುಡಿದವರಲ್ಲ. ಅವರಿಗೆ ಗೊತ್ತಿರುವುದೆಲ್ಲ ಟಿವಿಯಿಂದ ಬಂದದ್ದು. ಒಂದು, ಕಾಮಿಡಿ ಶೋದಲ್ಲಿ ಸೊಂಟ ಕುಣಿಸುತ್ತಾ ಬರುವ ಪಾತ್ರ. ಇನ್ನೊಂದು, ರಾತ್ರಿಯ ಕ್ರೈಂ ಕಾರ್ಯಕ್ರಮ. ಅಲ್ಲಿ ‘ಸಲಿಂಗಕಾಮಿ’ ಅನ್ನುವ ಪದ ಬಂದರೆ ಹಿಂದೆಯೇ ಕೊಲೆ ಬರುತ್ತದೆ. ನನ್ನ ತಮ್ಮ ಬಾಯಿ ಬಿಟ್ಟ ಕೂಡಲೇ ಅಮ್ಮನ ಕಣ್ಣ ಮುಂದೆ ಈ ಎರಡರಲ್ಲಿ ಒಂದು ಬಂದು ನಿಲ್ಲುತ್ತದೆ. ಮಗ ಹಿಂದೆ ಉಳಿಯುತ್ತಾನೆ.

ಅದಕ್ಕೇ ಮೊದಲು ಬೇರೆ ಏನಾದರೂ ತೋರಿಸಬೇಕು ಅನ್ನಿಸಿದೆ. ಅಮ್ಮನಿಗೆ 62. ಹಿಂದಿ ಅಷ್ಟಕ್ಕಷ್ಟೆ. ತವರು ಸುಳ್ಯದ ಕಡೆ, ಹಾಗಾಗಿ ಮಲಯಾಳಂ ಸ್ವಲ್ಪ ಅರ್ಥವಾಗುತ್ತದೆ. ಓಡುವ ಸಬ್‌ಟೈಟಲ್ ಓದಲು ಕಣ್ಣು ಬಿಡುವುದಿಲ್ಲ. ಕನ್ನಡದ್ದೇ ಇದ್ದರೆ ಮೊದಲು ಅದನ್ನು ಹೇಳಿ.

ಹಳೇ ಟಾಕೀಸು

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ ತಂಗಿ. ನಾನು ಮೂವತ್ತು ವರ್ಷ ಫಿಲಂ ಸೊಸೈಟಿಗಳಲ್ಲಿ ಓಡಾಡಿದವನು. ಸಿನಿಮಾದ ಹೆಸರು ಹೇಳುವ ಮೊದಲು ಒಂದು ಹಳೆಯ ಕಥೆ ಹೇಳುತ್ತೇನೆ. ಅಮ್ಮನ ಕಣ್ಣಲ್ಲಿರುವ ಆ ಎರಡು ಚಿತ್ರ ಎಲ್ಲಿಂದ ಬಂದವು ಅನ್ನುವುದು ಅದರಿಂದ ಗೊತ್ತಾಗುತ್ತದೆ.

ಹಾಲಿವುಡ್‌ನಲ್ಲಿ 1934ರಿಂದ ಹೇಸ್ ಕೋಡ್ ಅನ್ನುವ ನಿಯಮಾವಳಿ ಬಿಗಿಯಾಗಿ ಜಾರಿಯಲ್ಲಿತ್ತು. ಸಲಿಂಗಪ್ರೇಮದ ಸುಳಿವು ಕೂಡ ತೆರೆಗೆ ಬರುವಂತಿರಲಿಲ್ಲ. ಇಬ್ಬರು ಶಿಕ್ಷಕಿಯರ ಬಗ್ಗೆ ಒಂದು ಹುಡುಗಿ ಗಾಳಿಸುದ್ದಿ ಹಬ್ಬಿಸುವ ನಾಟಕವೊಂದಿತ್ತು. ವಿಲಿಯಂ ವೈಲರ್ ಅದನ್ನು 1936ರಲ್ಲಿ ಸಿನಿಮಾ ಮಾಡಿದಾಗ ಆ ಎಳೆಯನ್ನೇ ಕಿತ್ತು ಹಾಕಿ, ಇಬ್ಬರು ಹೆಂಗಸರು ಒಬ್ಬ ಗಂಡಸು ಅನ್ನುವ ತ್ರಿಕೋನ ಪ್ರೇಮ ಮಾಡಬೇಕಾಯಿತು. ಅದೇ ವೈಲರ್ ಅದೇ ನಾಟಕವನ್ನು 1961ರಲ್ಲಿ ಮತ್ತೆ ತೆಗೆದ. ಅಷ್ಟು ಹೊತ್ತಿಗೆ ನಿಯಮ ಸಡಿಲವಾಗುತ್ತಿತ್ತು. ಈ ಸಲ ಒಬ್ಬ ಶಿಕ್ಷಕಿ, ಹೌದು ನನಗೆ ಅವಳ ಮೇಲೆ ಪ್ರೀತಿಯಿದೆ ಅಂತ ಅಳುತ್ತಾ ಒಪ್ಪಿಕೊಳ್ಳುತ್ತಾಳೆ. ಒಪ್ಪಿಕೊಂಡ ಸ್ವಲ್ಪ ಹೊತ್ತಿಗೇ ನೇಣು ಹಾಕಿಕೊಳ್ಳುತ್ತಾಳೆ.

ಗಮನಿಸಿ, ಇಪ್ಪತ್ತೈದು ವರ್ಷ ಕಾದು ಬಾಯಿ ಬಿಡಲು ಅನುಮತಿ ಸಿಕ್ಕಿತು. ಬದುಕಲು ಸಿಗಲಿಲ್ಲ. ವಿಟೊ ರುಸೊ ಅನ್ನುವ ವಿಮರ್ಶಕ 1981ರಲ್ಲಿ ಈ ವಿಷಯದ ಮೇಲೆ ದೊಡ್ಡ ಪುಸ್ತಕ ಬರೆದ. ಅದರಲ್ಲಿ ಇಂಥ ಪಾತ್ರಗಳು ಯಾವ ಸಿನಿಮಾದಲ್ಲಿ ಹೇಗೆ ಸತ್ತವು ಅಂತ ಒಂದು ಪಟ್ಟಿಯೇ ಇದೆ. ಕೊಲೆ, ಆತ್ಮಹತ್ಯೆ, ಕೊಲೆ, ಆತ್ಮಹತ್ಯೆ. ಓದುತ್ತಾ ಹೋದರೆ ಹೊಟ್ಟೆ ಹಿಂಡುತ್ತದೆ.

ಟಿವಿಯಲ್ಲಿ ತಿರುವು ಬಂದದ್ದು 1997ರ ಏಪ್ರಿಲ್ 30ರಂದು. ಅಮೆರಿಕದ ಎಬಿಸಿ ಚಾನೆಲ್‌ನ ಹಾಸ್ಯ ಧಾರಾವಾಹಿಯಲ್ಲಿ ಎಲೆನ್ ಡಿಜೆನರೆಸ್‌ಳ ಪಾತ್ರ ತಾನು ಲೆಸ್ಬಿಯನ್ ಅಂತ ಹೇಳಿತು. ಸುಮಾರು 4 ಕೋಟಿ 20 ಲಕ್ಷ ಜನ ಅದನ್ನು ನೋಡಿದರು. ಮರುವರ್ಷವೇ ಧಾರಾವಾಹಿ ನಿಂತುಹೋಯಿತು. ಆದರೆ ಅದೇ 1998ರಲ್ಲಿ ಗೇ ನಾಯಕನಿರುವ ಇನ್ನೊಂದು ಹಾಸ್ಯ ಧಾರಾವಾಹಿ ಶುರುವಾಗಿ ಎಂಟು ವರ್ಷ ಓಡಿತು. ಒಬ್ಬರು ಏಟು ತಿಂದರೆ ಮುಂದಿನವರಿಗೆ ದಾರಿ ತೆರೆದುಕೊಳ್ಳುತ್ತದೆ ನೋಡಿ.

ನಮ್ಮಲ್ಲಿ ಏಟು ತಿಂದದ್ದು ದೀಪಾ ಮೆಹ್ತಾ ಅವರ ‘ಫೈರ್’. ಒಂದೇ ಮನೆಯ ಇಬ್ಬರು ಸೊಸೆಯರ ಪ್ರೀತಿಯ ಕಥೆ, ಶಬಾನಾ ಆಜ್ಮಿ ಮತ್ತು ನಂದಿತಾ ದಾಸ್. ಸೆನ್ಸಾರ್ ಮಂಡಳಿ ಕತ್ತರಿ ಹಾಕಲಿಲ್ಲ. ಹಿಂದಿ ಆವೃತ್ತಿಯಲ್ಲಿ ‘ಸೀತಾ’ ಅನ್ನುವ ಹೆಸರನ್ನು ‘ನೀತಾ’ ಅಂತ ಬದಲಿಸಿದರು, ಅಷ್ಟೆ. 1998ರ ಡಿಸೆಂಬರ್‌ನಲ್ಲಿ ಮುಂಬೈ, ದೆಹಲಿಯ ಚಿತ್ರಮಂದಿರಗಳ ಗಾಜು ಪುಡಿಯಾದವು. ಸಿನಿಮಾ ಮತ್ತೆ ಸೆನ್ಸಾರ್‌ಗೆ ಹೋಯಿತು. 1999ರ ಫೆಬ್ರವರಿಯಲ್ಲಿ ಮತ್ತೆ ತೆರೆಗೆ ಬಂತು.

ನಿಮ್ಮ ಅಮ್ಮನಿಗೆ ಮೊದಲೇ ‘ಫೈರ್’ ಬೇಡ. ಅವರ ಮನಸ್ಸು ಸೊಸೆಯರ ಗಂಡಂದಿರ ಮೇಲೇ ನಿಂತುಬಿಡುತ್ತದೆ. ಗಂಡ ಸರಿಯಿಲ್ಲದ್ದಕ್ಕೆ ಹೀಗಾಯಿತು ಅಂದುಕೊಳ್ಳುತ್ತಾರೆ. ಆ ತಪ್ಪು ತಿಳಿವಳಿಕೆ ನಿಮ್ಮ ತಮ್ಮನಿಗೆ ಒಳ್ಳೆಯದಲ್ಲ.

ಹೆಸರು ಬೇಡ

ನಾನು ಗೇ. ವಯಸ್ಸು 38. ಅಕ್ಕ, ನೀವು ಹೇಳಿದ ಮೊದಲನೇ ಚಿತ್ರದ, ಆ ಸೊಂಟ ಕುಣಿಸುವ ಪಾತ್ರದ ಜೊತೆ ನಾನು ಬೆಳೆದೆ. ಅದರ ಬಗ್ಗೆ ಬರೆಯಲೇಬೇಕು ಅನ್ನಿಸಿತು.

2008. ಮಯಾಮಿಯಲ್ಲಿ ಬಾಡಿಗೆ ಫ್ಲ್ಯಾಟ್ ಸಿಗಲಿ ಅಂತ ಇಬ್ಬರು ಗಂಡಸರು ಗೇ ಜೋಡಿಯ ಹಾಗೆ ನಾಟಕವಾಡುವ ಹಿಂದಿ ಸಿನಿಮಾ ‘ದೋಸ್ತಾನಾ’ ಬಂತು. ಹಾಸ್ಟೆಲ್‌ನಿಂದ ಹನ್ನೊಂದು ಜನ ಹೋಗಿದ್ದೆವು. ಹಾಲ್ ತುಂಬ ನಗು. ನಾನು ಎಲ್ಲರಿಗಿಂತ ಜಾಸ್ತಿ ನಕ್ಕೆ. ನಗದೇ ಇದ್ದರೆ ಪಕ್ಕದವನಿಗೆ ಅನುಮಾನ ಬರುತ್ತದಲ್ವಾ? ರಾತ್ರಿ ರೂಮಿಗೆ ಬಂದು ಎಲ್ಲರೂ ಮಲಗಿದ ಮೇಲೆ ಉದ್ದನೆ ಕಾರಿಡಾರ್‌ನಲ್ಲಿ ನಡೆದು ನೋಡಿಕೊಂಡೆ. ನನ್ನ ಕೈ ಹೇಗೆ ಆಡುತ್ತದೆ, ಹೆಗಲು ಹೇಗಿರುತ್ತದೆ ಅಂತ. ಆಮೇಲೆ ಎಷ್ಟೋ ವರ್ಷ ಹಾಗೆ ಲೆಕ್ಕ ಹಾಕಿಕೊಂಡೇ ನಡೆದೆ.

ಆದರೆ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಅದೇ ಸಿನಿಮಾದಲ್ಲಿ ಆ ಸುಳ್ಳನ್ನು ನಿಜ ಅಂತ ನಂಬಿದ ತಾಯಿ, ಮೊದಲು ಗೋಳಾಡಿ, ಕೊನೆಗೆ ಮಗನ ‘ಜೋಡಿ’ಯನ್ನು ಮನೆ ತುಂಬಿಸಿಕೊಂಡು ಸೊಸೆಗೆ ಕೊಡಬೇಕಾದ ಬಳೆ ಕೊಡುತ್ತಾಳೆ. ಹಾಲ್ ಪೂರ್ತಿ ನಕ್ಕಿತು. ಅದನ್ನು ನಗಿಸಲೆಂದೇ ಮಾಡಿದ್ದರು. ನನಗೆ ಮಾತ್ರ ಗಂಟಲು ಕಟ್ಟಿತು. ಒಬ್ಬ ತಾಯಿ ಹಾಗೆ ಮಾಡಬಹುದು ಅನ್ನುವ ಯೋಚನೆಯೇ ಅಲ್ಲಿಯವರೆಗೆ ನನಗೆ ಬಂದಿರಲಿಲ್ಲ. ಆ ಬಳೆಯ ದೃಶ್ಯವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಇನ್ನೊಂದು ನೋವು ನಮ್ಮ ಕಡೆಯದೇ. ನಮ್ಮದು ಉತ್ತರ ಕನ್ನಡ. ಯಕ್ಷಗಾನದಲ್ಲಿ ಸ್ತ್ರೀವೇಷದವರನ್ನು ಎಷ್ಟು ಗೌರವದಿಂದ ಕಾಣುತ್ತಾರೆ! ಕೋಳ್ಯೂರು ರಾಮಚಂದ್ರ ರಾಯರಂಥವರ ಹೆಸರು ಹೇಳಿದರೆ ಹಿರಿಯರು ಕೈ ಮುಗಿಯುತ್ತಾರೆ. ರಾತ್ರಿಯೆಲ್ಲಾ ಅದನ್ನು ನೋಡಿ ತಲೆದೂಗಿದವರೇ ಬೆಳಿಗ್ಗೆ ಶಾಲೆಗೆ ಹೋಗುವ ನನ್ನ ನಡಿಗೆ ನೋಡಿ ಸಿಳ್ಳೆ ಹೊಡೆಯುತ್ತಿದ್ದರು.

ಕೆಂಪುಮಣ್ಣು

@ಹೆಸರು ಬೇಡ, ಓದಿ ಸಂಕಟವಾಯಿತು ಅಣ್ಣ. ಅದರ ಜೊತೆ ಒಂದು ಮಾತು ಸೇರಿಸುತ್ತೇನೆ, ತಪ್ಪು ತಿಳಿಯಬೇಡಿ. ಸ್ತ್ರೀವೇಷ ಕಲೆ. ತನ್ನನ್ನು ಹೆಣ್ಣು ಅಂತ ಅರಿತುಕೊಂಡು ಬದುಕುವುದು ಬೇರೆ. ಗಂಡಸು ಗಂಡಸನ್ನು ಪ್ರೀತಿಸುವುದು ಇನ್ನೊಂದು. ನಮ್ಮ ಸಿನಿಮಾಗಳ ದೊಡ್ಡ ತಪ್ಪು ಅಂದರೆ ಈ ಮೂರನ್ನೂ ಒಂದೇ ಜೋಕಿನ ಪಾತ್ರೆಗೆ ಹಾಕಿ ಕಲಸಿದ್ದು. ಕನ್ನಡದಲ್ಲಿ 2015ರ ‘ನಾನು ಅವನಲ್ಲ ಅವಳು’ ಬಂತು, ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು, ನಮಗೆಲ್ಲ ಹೆಮ್ಮೆ. ಆದರೆ ಅದು ಟ್ರಾನ್ಸ್‌ಜೆಂಡರ್ ಹೆಣ್ಣೊಬ್ಬಳ ಕಥೆ. ಅಡಕೆತೋಟದವರು ಅದನ್ನು ಅಮ್ಮನಿಗೆ ತೋರಿಸಿದರೆ ತಮ್ಮನಿಗೂ ಹಾಗೇ ಅಂದುಕೊಂಡಾರು. ಅವನ ಮಾತು ಇನ್ನಷ್ಟು ಕಷ್ಟವಾಗುತ್ತದೆ.

ನಾನು ಲೆಸ್ಬಿಯನ್. ಎಲ್ಲರೂ ಗಂಡುಮಕ್ಕಳ ವಿಷಯವನ್ನೇ ಬರೆಯುತ್ತಿದ್ದೀರಿ, ಅದಕ್ಕೆ ಬಂದೆ. ನಮ್ಮನ್ನು ನೋಡಿ ನಗುವುದು ಕಡಿಮೆ. ನಮ್ಮನ್ನು ಸಾಯಿಸುತ್ತಾರೆ, ಇಲ್ಲವೇ ಹುಚ್ಚಿ ಮಾಡುತ್ತಾರೆ. 1986ರಲ್ಲಿ ಪದ್ಮರಾಜನ್ ಮಲಯಾಳಂನಲ್ಲಿ ಇಬ್ಬರು ಶಾಲಾ ಹುಡುಗಿಯರು ಓಡಿಹೋಗುವ ಸಿನಿಮಾ ಮಾಡಿದರು. ತುಂಬಾ ಚಂದದ ಸಿನಿಮಾ. ಕೊನೆಯಲ್ಲಿ ಇಬ್ಬರೂ ಸಾಯುತ್ತಾರೆ. ಹಿಂದಿಯಲ್ಲಿ 2004ರ ‘ಗರ್ಲ್‌ಫ್ರೆಂಡ್’ನಲ್ಲಿ ನಮ್ಮಂಥವಳು ಪೂರ್ತಿ ಕೊಲೆಗಡುಕಿ. ಅವತ್ತು ನಾನು ಪಿಯುಸಿ. ಕೇಬಲ್‌ನಲ್ಲಿ ಅದರ ಜಾಹೀರಾತು ಬಂದಾಗಲೆಲ್ಲ ಚಾನೆಲ್ ಬದಲಿಸುತ್ತಿದ್ದೆ. ಯಾರಾದರೂ ನೋಡಿ ನನ್ನ ಮುಖ ಓದಿಬಿಟ್ಟರೆ ಅಂತ ಹೆದರಿಕೆ.

ಅದೇ 2004ರಲ್ಲಿ ಮಲಯಾಳಂನಲ್ಲೇ ಲಿಜಿ ಪುಲ್ಲಪಳ್ಳಿ ಅವರ ‘ಸಂಚಾರಂ’ ಬಂದಿತ್ತು. ನನಗೆ ಸಿಕ್ಕಿದ್ದು ಎಷ್ಟೋ ವರ್ಷ ಬಿಟ್ಟು. ಹಳ್ಳಿಯ ಇಬ್ಬರು ಗೆಳತಿಯರು. ಒಬ್ಬಳಿಗೆ ಮದುವೆ ಮಾಡಿಬಿಡುತ್ತಾರೆ. ಇನ್ನೊಬ್ಬಳು ಬೆಟ್ಟದ ಅಂಚಿಗೆ ಹೋಗಿ ನಿಲ್ಲುತ್ತಾಳೆ. ಮುಗಿಯಿತು, ಇವಳೂ ಹೋದಳು ಅಂದುಕೊಂಡೆ. ಅವಳು ಹಿಂದೆ ಸರಿಯುತ್ತಾಳೆ! ಬದುಕುತ್ತೇನೆ ಅಂತ ಹಿಂದೆ ಹೆಜ್ಜೆ ಇಡುತ್ತಾಳೆ. ಸಿನಿಮಾ ನಿಲ್ಲಿಸಿ ಜೋರಾಗಿ ಅತ್ತುಬಿಟ್ಟೆ. ಆ ಒಂದು ಹೆಜ್ಜೆಯನ್ನು ತೆರೆಯ ಮೇಲೆ ನೋಡಲು ನನಗೆ 27 ವರ್ಷ ಆಗಬೇಕಾಯಿತು.

ಮತ್ತೆ ಪದದ ವಿಷಯ. ದಯವಿಟ್ಟು ಎಲ್ಲರೂ ‘ಸಲಿಂಗಪ್ರೇಮಿ’ ಅನ್ನಿ, ಇಲ್ಲವೇ ಗೇ, ಲೆಸ್ಬಿಯನ್ ಅನ್ನಿ. ಸುದ್ದಿವಾಚಕರು ಹೇಳುವ ಪದದಲ್ಲಿ ‘ಕಾಮ’ ಮಾತ್ರ ಇದೆ. ನನ್ನ ಸಂಗಾತಿಗೆ ಜ್ವರ ಬಂದಾಗ ರಾತ್ರಿ ಗಂಜಿ ಮಾಡಿ ಕೊಡುತ್ತೇನೆ. ಆ ಪದದಲ್ಲಿ ಆ ಗಂಜಿಗೆ ಜಾಗ ಇಲ್ಲ.

ನಿವೃತ್ತ ಮೇಷ್ಟ್ರು

ನನ್ನ ಅಭಿಪ್ರಾಯ ಇಲ್ಲಿ ಬಹಳ ಜನಕ್ಕೆ ಹಿಡಿಸದೇ ಇರಬಹುದು. ಯಾರ ಮೇಲೂ ನನಗೆ ದ್ವೇಷ ಇಲ್ಲ. ಅವರವರ ಬದುಕು ಅವರವರಿಗೆ. 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಂ ವಿಷಯದಲ್ಲಿ ಸುಪ್ರೀಂ ಕೋರ್ಟ್, ಅದು ಅಪರಾಧವಲ್ಲ ಅಂತ ತೀರ್ಪು ಕೊಟ್ಟಾಗ ಸರಿಯೆಂದೇ ಅನ್ನಿಸಿತು. ಆದರೆ ಸಂಜೆ ಏಳಕ್ಕೆ ಮೊಮ್ಮಕ್ಕಳ ಜೊತೆ ಕೂತು ಟಿವಿ ನೋಡುತ್ತೇವೆ. ಅಲ್ಲಿ ಇದನ್ನು ತೋರಿಸಲೇಬೇಕಾ? ಮಕ್ಕಳು ಕೇಳಿದರೆ ಏನು ಹೇಳುವುದು?

ಸಂಭಾಷಣೆ

ಮೇಷ್ಟ್ರೇ, ನಮಸ್ಕಾರ. ನಾನು ಧಾರಾವಾಹಿಗಳಿಗೆ ಸಂಭಾಷಣೆ ಬರೆಯುವವಳು. ನೀವು ಕೂತು ನೋಡುವ ಆ ಏಳು ಗಂಟೆಗೆ ನಾವು ಏನೆಲ್ಲಾ ಬರೆದಿದ್ದೇವೆ ಗೊತ್ತಾ? ಪಾಯಸಕ್ಕೆ ವಿಷ, ಎರಡನೇ ಮದುವೆ, ಕಿಡ್ನ್ಯಾಪ್, ಸೊಸೆಯನ್ನು ಮೆಟ್ಟಿಲಿಂದ ತಳ್ಳುವುದು. ಮೊಮ್ಮಕ್ಕಳು ಅದನ್ನೂ ನೋಡುತ್ತಾರೆ, ಅದರ ಬಗ್ಗೆಯೂ ಕೇಳುತ್ತಾರೆ. ಇಬ್ಬರು ಒಬ್ಬರನ್ನೊಬ್ಬರು ಇಷ್ಟಪಡುತ್ತಾರೆ ಅಂತ ಹೇಳುವುದು ಅದಕ್ಕಿಂತ ಸುಲಭ ಅಂತ ನನ್ನ ನಂಬಿಕೆ.

ಕನ್ನಡ ಧಾರಾವಾಹಿಯಲ್ಲಿ ಯಾಕೆ ಇಲ್ಲ ಅಂತ ಇಲ್ಲಿ ಯಾರಾದರೂ ಕೇಳಿಯೇ ಕೇಳುತ್ತೀರಿ. ಒಳಗಿನ ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಕಥೆಯ ಎಳೆಯನ್ನು ಮೊದಲು ಚಾನೆಲ್ ಒಪ್ಪಬೇಕು. ಗುರುವಾರ ಬಂತು ಅಂದರೆ ಟಿಆರ್‌ಪಿ ಬರುತ್ತದೆ. ಇಳಿದರೆ ಅವತ್ತು ಸಂಜೆಯೇ ಕಥೆಯ ದಿಕ್ಕು ಬದಲು. ಜೊತೆಗೆ ಎಷ್ಟೋ ಧಾರಾವಾಹಿಗಳು ಬೇರೆ ಭಾಷೆಯ ರೀಮೇಕ್. ಅಲ್ಲಿ ಇಲ್ಲದ ಪಾತ್ರವನ್ನು ಇಲ್ಲಿ ಸೇರಿಸಲು ಧೈರ್ಯ ಯಾರಿಗಿದೆ?

ನಾನು ಒಮ್ಮೆ ಪ್ರಯತ್ನಪಟ್ಟೆ. ನಾಯಕಿಗೆ ಒಬ್ಬ ತಂಗಿ. ಬ್ಯಾಂಕಿನಲ್ಲಿ ಕೆಲಸ, ಮನೆಯ ಸಾಲ ತೀರಿಸುವವಳು. ಅವಳಿಗೆ ಜೊತೆಯಲ್ಲಿ ಕೆಲಸ ಮಾಡುವ ಒಬ್ಬಳ ಮೇಲೆ ಪ್ರೀತಿ. ಅಳು ಇಲ್ಲ, ಆಸ್ಪತ್ರೆ ಇಲ್ಲ. ಶನಿವಾರ ಇಬ್ಬರೂ ಮಾರ್ಕೆಟ್‌ಗೆ ಹೋಗಿ ಸೊಪ್ಪು ತರುವ ದೃಶ್ಯ ಬರೆದಿದ್ದೆ. ಮೀಟಿಂಗ್‌ನಲ್ಲಿ ಎಲ್ಲರೂ ಚೆನ್ನಾಗಿದೆ ಅಂದರು. ವಾಪಸ್ ಬಂದಾಗ ಪ್ರೇಮಿ ‘ಗೆಳತಿ’ ಆಗಿದ್ದಳು. ಇನ್ನೊಂದು ವಾರಕ್ಕೆ ಗೆಳತಿಗೆ ಒಬ್ಬ ಗಂಡು ಬಂದ. ಮೂರನೇ ವಾರ ಆ ಪಾತ್ರವೇ ಇರಲಿಲ್ಲ. ಯಾರೂ ಕೆಟ್ಟವರಲ್ಲ ಅಲ್ಲಿ. ಎಲ್ಲರಿಗೂ ಅವರವರ ಮೇಲಿನವರ ಭಯ. ಆ ಸೊಪ್ಪಿನ ದೃಶ್ಯ ಇನ್ನೂ ನನ್ನ ಲ್ಯಾಪ್‌ಟಾಪ್‌ನಲ್ಲಿದೆ. ಅಳಿಸಿಲ್ಲ.

ಒಂಟಾರಿಯೊ ಕನ್ನಡತಿ

ಸೊಪ್ಪಿನ ದೃಶ್ಯ ಓದಿ ಬರೆಯುತ್ತಿದ್ದೇನೆ. ಇಲ್ಲಿ ಕೆನಡಾದಲ್ಲಿ ‘ಶಿಟ್ಸ್ ಕ್ರೀಕ್’ ಅಂತ ಒಂದು ಧಾರಾವಾಹಿ ಬಂತು, 2015ರಿಂದ 2020ರವರೆಗೆ. ಅದರಲ್ಲಿ ಡೇವಿಡ್ ಅನ್ನುವ ಪಾತ್ರ ಪ್ಯಾಟ್ರಿಕ್ ಅನ್ನುವವನನ್ನು ಪ್ರೀತಿಸುತ್ತಾನೆ. ಆ ಊರಿನಲ್ಲಿ ಒಬ್ಬರೂ ಇದಕ್ಕೆ ಹುಬ್ಬು ಏರಿಸುವುದಿಲ್ಲ. ಬೇಕೆಂದೇ ಹಾಗೆ ಬರೆದಿದ್ದು. ಕೊನೆಯ ಸೀಸನ್‌ಗೆ ಅಮೆರಿಕದ ದೊಡ್ಡ ಟಿವಿ ಪ್ರಶಸ್ತಿಯಾದ ಎಮ್ಮಿ 9 ಬಂದವು.

ನಮ್ಮ ಅತ್ತೆ ಆರು ತಿಂಗಳಿಗೆ ಅಂತ ಹಾಸನದಿಂದ ಬಂದಿದ್ದರು. ಚಳಿಗಾಲ, ಹೊರಗೆ ಕಾಲಿಡುವ ಹಾಗಿಲ್ಲ. ನಮ್ಮ ಜೊತೆ ಕೂತು ನೋಡಿದರು. ಮೊದಲ ವಾರ ಸುಮ್ನೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ಮೂರನೇ ವಾರ ಅವರ ಚಿಂತೆ ಒಂದೇ: ‘ಆ ಹುಡುಗರ ಮದುವೆ ದಿನ ಮಳೆ ಬಂತಲ್ಲ, ಪಾಪ, ಈಗ ಏನು ಮಾಡ್ತಾರೆ?’

ಆದರೆ ಊರಿಗೆ ಹೋದ ಮೇಲೆ ಫೋನಿನಲ್ಲಿ ಈ ಮಾತು ಬಂದಾಗ, ‘ಅದು ನಿಮ್ಮ ಕೆನಡಾದಲ್ಲಿ ಕಣೆ, ನಮ್ಮಲ್ಲಿ ಹಾಗೆಲ್ಲ ಇಲ್ಲ’ ಅಂದರು. ಅದನ್ನೇ ಹೇಳಬೇಕು ಅಂತ ಬಂದೆ. ಬೇರೆಯವರ ಭಾಷೆಯಲ್ಲಿ ನೋಡಿದ್ದು ಬೇರೆಯವರ ಮನೆಯಲ್ಲೇ ಉಳಿಯುತ್ತದೆ. ಅಡಕೆತೋಟ ಅವರೇ, ಆದಷ್ಟು ನಮ್ಮ ಹಜಾರ, ನಮ್ಮ ಅಡುಗೆಮನೆ ಇರುವ ಸಿನಿಮಾ ಹುಡುಕಿ.

ಹಳೇ ಟಾಕೀಸು

ನಿಜವಾದ ಮಾತು. ಹಾಗಾದರೆ ಒಂದು ಹೆಸರು ಹೇಳುತ್ತೇನೆ. ಶ್ರೀಧರ್ ರಂಗಾಯನ್ ನಮ್ಮ ಮಂಡ್ಯದವರು. ಮುಂಬೈಯಲ್ಲಿ 2010ರಿಂದ ಕಶಿಶ್ ಅನ್ನುವ, ಇಂಥದ್ದೇ ವಿಷಯದ ಸಿನಿಮಾಗಳ ಚಿತ್ರೋತ್ಸವ ನಡೆಸುತ್ತಿದ್ದಾರೆ. 2003ರಲ್ಲಿ ಅವರು ಮಾಡಿದ ‘ಗುಲಾಬಿ ಆಯಿನಾ’ಕ್ಕೆ ಸೆನ್ಸಾರ್ ಪ್ರಮಾಣಪತ್ರವನ್ನೇ ಕೊಡಲಿಲ್ಲ. ಅದೇ ಮನುಷ್ಯ 2018ರಲ್ಲಿ ‘ಈವನಿಂಗ್ ಶ್ಯಾಡೋಸ್’ ಮಾಡಿದರು. ದಕ್ಷಿಣದ ಸಣ್ಣ ಊರು, ಸಂಪ್ರದಾಯದ ಮನೆ. ಮುಂಬೈಯಿಂದ ಬಂದ ಮಗ ಅಮ್ಮನಿಗೆ ತಾನು ಗೇ ಅಂತ ಹೇಳುತ್ತಾನೆ. ಸಿನಿಮಾ ಅಲ್ಲಿಂದ ಮಗನ ಹಿಂದೆ ಹೋಗುವುದಿಲ್ಲ, ಅಮ್ಮನ ಜೊತೆ ಅಡುಗೆಮನೆಯಲ್ಲಿ ಉಳಿಯುತ್ತದೆ. ಅವಳು ಯಾರ ಹತ್ತಿರ ಹೇಳಿಕೊಳ್ಳಬೇಕು? ಗಂಡನ ಎದುರು ಬಾಯಿ ಬಿಡಲಾಗದ ಹೆಂಗಸು. ಸಂಭಾಷಣೆ ಹಿಂದಿ. ನೀವು ಪಕ್ಕದಲ್ಲಿ ಕೂತು ಹೇಳಬೇಕಾಗುತ್ತದೆ.

ಮನೋಜ್ ಬಾಜಪೇಯಿ ಅವರ ‘ಅಲೀಗಢ’ ಅತ್ಯುತ್ತಮ ಸಿನಿಮಾ, ನಿಜ. ಮರಾಠಿ ಪ್ರಾಧ್ಯಾಪಕ ರಾಮಚಂದ್ರ ಸಿರಸ್ ಅವರ ನಿಜ ಜೀವನ. ಮನೆಗೆ ನುಗ್ಗಿ ಕ್ಯಾಮೆರಾದಲ್ಲಿ ಚಿತ್ರೀಕರಿಸಿದರು, ವಿಶ್ವವಿದ್ಯಾಲಯ ಅಮಾನತು ಮಾಡಿತು. 2010ರ ಏಪ್ರಿಲ್ 1ರಂದು ಅಲಹಾಬಾದ್ ಹೈಕೋರ್ಟ್ ಅವರ ಪರ ಆದೇಶ ಕೊಟ್ಟಿತು. ಒಂದು ವಾರದೊಳಗೆ ಅವರು ಹೆಣವಾಗಿ ಸಿಕ್ಕರು. ಒಬ್ಬನೇ ಕೂತು ಲತಾ ಹಾಡಿಗೆ ದನಿಗೂಡಿಸುವ ಆ ದೃಶ್ಯ ನನ್ನನ್ನು ಬಿಟ್ಟು ಹೋಗಿಲ್ಲ. ಆದರೆ ಅದನ್ನು ತೋರಿಸಿದರೆ ಅಮ್ಮ ಹೆದರುತ್ತಾರೆ. ನನ್ನ ಮಗನ ಬಾಗಿಲನ್ನೂ ಹೀಗೇ ಒಡೆದರೆ ಅಂತ. ಆ ಹೆದರಿಕೆ ಬಂದ ತಾಯಿ ಇನ್ನೂ ಬೇಗ ಮದುವೆ ಮಾಡಿಬಿಡುತ್ತಾಳೆ.

ಮುಸ್ಸಂಜೆ

ಮೂರು ದಿನದಿಂದ ಓದುತ್ತಿದ್ದೇನೆ. ಬರೆಯಲೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ.

ಒಬ್ಬ ಗೇ ಮನುಷ್ಯನ ಹೆಂಡತಿಯಾಗಿ 9 ವರ್ಷ ಇದ್ದೆ. ಒಳ್ಳೆಯ ಮನುಷ್ಯ. ಕುಡಿತ ಇಲ್ಲ, ಬೈಗುಳ ಇಲ್ಲ. ಪ್ರತಿ ತಿಂಗಳು ಸಂಬಳ ನನ್ನ ಕೈಗೆ. ಆದರೆ ರಾತ್ರಿ ಆ ಕಡೆ ತಿರುಗಿ ಮಲಗುತ್ತಿದ್ದರು. ತಪ್ಪು ನನ್ನದು ಅಂತ ನಂಬಿದ್ದೆ. ದಪ್ಪಗಿದ್ದೇನೆ, ಕಪ್ಪಗಿದ್ದೇನೆ, ಬಾಯಿ ವಾಸನೆ ಇರಬೇಕು, ಹೀಗೆ. ಮಗು ಆಗಲಿಲ್ಲ ಅಂತ ನಾಗಪ್ರತಿಷ್ಠೆ ಮಾಡಿಸಿದೆವು. ಪರೀಕ್ಷೆಗಳೆಲ್ಲ ನನಗೇ. ಅವರ ತಾಯಿಗೆ ಮೊದಲಿನಿಂದ ಗೊತ್ತಿತ್ತು ಅಂತ ಕೊನೆಗೆ ತಿಳಿಯಿತು. ‘ಮದುವೆ ಆದ್ರೆ ಸರಿ ಹೋಗ್ತಾನೆ ಅಂದ್ಕೊಂಡೆ’ ಅಂದರು. ಸರಿ ಮಾಡುವ ಔಷಧಿ ನಾನು.

ನನ್ನ ಊರು ಕಾಸರಗೋಡಿನ ಕಡೆ, ಮಲಯಾಳಂ ನನಗೆ ಕನ್ನಡದಷ್ಟೇ ಬರುತ್ತದೆ. ಜಿಯೋ ಬೇಬಿ ಅವರ ‘ಕಾದಲ್’ 2023ರ ನವೆಂಬರ್ 23ರಂದು ಬಿಡುಗಡೆಯಾಯಿತು. ಸಲಿಂಗ ವಿವಾಹಕ್ಕೆ ಮಾನ್ಯತೆ ಇಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿ ಆಗ ಒಂದು ತಿಂಗಳು ದಾಟಿತ್ತು. ಮಮ್ಮುಟ್ಟಿ ಪಂಚಾಯಿತಿ ಚುನಾವಣೆಗೆ ನಿಂತ ಮ್ಯಾಥ್ಯೂ. ಜ್ಯೋತಿಕಾ ಅವನ ಹೆಂಡತಿ ಓಮನಾ. ಇಪ್ಪತ್ತು ವರ್ಷ ಸಂಸಾರ ಮಾಡಿದ ಮೇಲೆ, ನನ್ನ ಗಂಡ ಗೇ, ನನಗೆ ವಿಚ್ಛೇದನ ಕೊಡಿ ಅಂತ ಅವಳು ಕೋರ್ಟಿಗೆ ಹೋಗುತ್ತಾಳೆ. ಒಬ್ಬಳೇ ಹೋಗಿ ನೋಡಿದೆ. ಓಮನಾ ಅಂದರೆ ನಾನೇ ಅನ್ನಿಸಿತು.

ಅಲ್ಲಿ ಯಾರೂ ಕಿರುಚುವುದಿಲ್ಲ. ಊಟದ ಮೇಜಿನಲ್ಲಿ ಬಡಿಸುತ್ತಾರೆ, ತಿನ್ನುತ್ತಾರೆ, ಕೋರ್ಟಿಗೂ ಒಂದೇ ಮನೆಯಿಂದ ಹೋಗುತ್ತಾರೆ. ಮ್ಯಾಥ್ಯೂನ ಅಪ್ಪನಿಗೆ ಎಲ್ಲ ಮೊದಲೇ ಗೊತ್ತಿತ್ತು ಅಂತ ಗೊತ್ತಾದಾಗ ನನ್ನ ಕೈ ನಡುಗಿತು. ಮುಖ್ಯವಾದದ್ದು ಇನ್ನೊಂದಿದೆ. ಓಮನಾಗೆ ಅವನ ಮೇಲೆ ದ್ವೇಷ ಇಲ್ಲ. ಅವಳ ಬಿಡುಗಡೆಯಲ್ಲೇ ಅವನದೂ ಇದೆ ಅಂತ ಅವಳಿಗೆ ಗೊತ್ತು. ಅವನನ್ನು ಹಾಸ್ಯ ಮಾಡಿಲ್ಲ, ಅವಳನ್ನು ಮರೆತಿಲ್ಲ. ಇಷ್ಟು ವರ್ಷ ಬಂದ ಸಿನಿಮಾಗಳಲ್ಲಿ ಹೆಂಡತಿ ಅನ್ನುವವಳು ಬಾಗಿಲ ಹಿಂದೆ ನಿಂತು ಅಳುವವಳು. ಇಲ್ಲಿ ಬಾಗಿಲು ತೆರೆಯುವವಳು ಅವಳೇ.

ಅಡಕೆತೋಟ, ಇದನ್ನು ತೋರಿಸಿ. ಮಮ್ಮುಟ್ಟಿ ಅಂದರೆ ನಿಮ್ಮ ಅಮ್ಮ ಕೂತುಕೊಳ್ಳುತ್ತಾರೆ. ಅಮ್ಮನಿಗೆ ಮಗನ ಕಷ್ಟ ಅರ್ಥವಾಗಲು ಸಮಯ ಬೇಕು. ಆದರೆ ಒಂದು ಹುಡುಗಿಯ ಬಾಳು ಹಾಳಾಗುವುದು ಅವರಿಗೆ ತಕ್ಷಣ ಅರ್ಥವಾಗುತ್ತದೆ. ಅವರೂ ಒಂದು ಮನೆಗೆ ಸೊಸೆಯಾಗಿ ಬಂದವರಲ್ವಾ?

ಹೆಸರು ಬೇಡ

@ಮುಸ್ಸಂಜೆ, ಇದನ್ನು ಹೇಗೆ ಬರೆಯಬೇಕೋ ಗೊತ್ತಾಗುತ್ತಿಲ್ಲ. ನನಗೂ 2014ರಲ್ಲಿ ನಿಶ್ಚಿತಾರ್ಥದವರೆಗೆ ಹೋಗಿತ್ತು. ಆ ಹಿಂದಿನ ಡಿಸೆಂಬರ್‌ನಲ್ಲಿ 377 ಮತ್ತೆ ಊರ್ಜಿತ ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ಇನ್ನು ನನಗೆ ಬೇರೆ ದಾರಿ ಇಲ್ಲ ಅಂದುಕೊಂಡಿದ್ದೆ. ಕೊನೆ ಗಳಿಗೆಯಲ್ಲಿ ಬೇಡ ಅಂದೆ. ಆ ಹುಡುಗಿಗೆ ಕಾರಣ ಹೇಳಲಿಲ್ಲ. ಇವತ್ತಿಗೂ ಆ ಭಾರ ಇದೆ. ನಿಮ್ಮ ಬರಹ ಓದಿದ ಮೇಲೆ, ಬೇಡ ಅಂದದ್ದು ಸರಿ, ಹೇಳದೇ ಹೋದದ್ದು ತಪ್ಪು ಅಂತ ಗೊತ್ತಾಯಿತು.

ಇದೇ ವಿಷಯದ ಮೇಲೆ 2022ರ ‘ಬಧಾಯಿ ದೋ’ ಇದೆ. ಗೇ ಪೊಲೀಸ್, ಲೆಸ್ಬಿಯನ್ ಪಿಟಿ ಟೀಚರ್, ಮನೆಯವರ ಕಾಟ ತಡೆಯಲಾಗದೆ ಒಬ್ಬರನ್ನೊಬ್ಬರು ಮದುವೆ ಆಗುತ್ತಾರೆ. ಕೊನೆಯಲ್ಲಿ ಮಗುವಿನ ಪೂಜೆಗೆ ಅವಳ ಸಂಗಾತಿಯೂ ಹೋಮದ ಮುಂದೆ ಕೂರುತ್ತಾಳೆ. ದೋಸ್ತಾನಾದ ಬಳೆಯಿಂದ ಈ ಹೋಮದವರೆಗೆ 14 ವರ್ಷ. ಈ ಸಲ ಹಾಲ್‌ನಲ್ಲಿ ಯಾರೂ ನಗಲಿಲ್ಲ. ಅಕ್ಕ, ಅಪ್ಪನಿಗೆ ತೋರಿಸುವ ಸರದಿ ಬಂದಾಗ ಇದನ್ನು ಇಟ್ಟುಕೊಳ್ಳಿ.

ಕೆಂಪುಮಣ್ಣು

ಕನ್ನಡದ್ದೇ ಬೇಕು ಅಂದಿದ್ದಿರಿ. ಸಿನಿಮಾ ಅಲ್ಲ, ಆದರೂ ಹೇಳುತ್ತೇನೆ. ವಸುಧೇಂದ್ರ ಅವರ ‘ಮೋಹನಸ್ವಾಮಿ’, 2013ರಲ್ಲಿ ಬಂದ ಕಥಾಸಂಕಲನ. ಅಮ್ಮ ಓದುವವರಾದರೆ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಲಿ. ಕೆಲವು ಕಡೆ ಎದೆ ಹಿಂಡುತ್ತದೆ, ಮೊದಲು ನೀವು ಓದಿ ನಂತರ ಕೊಡಿ. ಇಷ್ಟು ಒಳ್ಳೆಯ ಪುಸ್ತಕ ನಮ್ಮ ಕೈಯಲ್ಲಿದೆ, ಅಂಥದ್ದೊಂದು ನಮ್ಮ ಚಿತ್ರಮಂದಿರದಲ್ಲಿ ಯಾಕಿಲ್ಲ ಅಂತ ಸಂಭಾಷಣೆಯವರಂಥವರನ್ನು ನಾವೆಲ್ಲ ಬಿಡದೆ ಕೇಳುತ್ತಾ ಇರಬೇಕು.

ನಿವೃತ್ತ ಮೇಷ್ಟ್ರು

ಮುಸ್ಸಂಜೆಯವರ ಬರಹವನ್ನು ಎರಡು ಸಲ ಓದಿದೆ.

ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮೃದು ಸ್ವಭಾವ, ಒಳ್ಳೆಯ ಕಂಠ. ಆಗ ಯಾವುದೋ ಸಿನಿಮಾದ ಹಾಸ್ಯ ಪಾತ್ರದ ಹೆಸರಿಟ್ಟು ಎಲ್ಲರೂ ಅವನನ್ನು ಕರೆಯುತ್ತಿದ್ದರು. ಒಮ್ಮೆ ಹಾಜರಿ ಕರೆಯುವಾಗ ನಾನೂ ಅದೇ ಹೆಸರು ಕೂಗಿದೆ. ತರಗತಿ ನಕ್ಕಿತು. ಅವನು ‘ಹಾಜರ್ ಸಾರ್’ ಅಂದ. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟ. ಇಷ್ಟು ವರ್ಷ ಅದು ನನ್ನಿಂದ ಆದದ್ದು ಅಂತ ನನಗೆ ಅನ್ನಿಸಿರಲೇ ಇಲ್ಲ.

ಮೊಮ್ಮಕ್ಕಳಿಗೆ ಏನು ಹೇಳಬೇಕು ಅಂತ ಕೇಳಿದ್ದೆ. ಆ ಪ್ರಶ್ನೆ ವಾಪಸ್ ತೆಗೆದುಕೊಳ್ಳುತ್ತೇನೆ. ಈ ಹುಡುಗನ ವಿಷಯ ಹೇಳಬೇಕು ಅಂದುಕೊಂಡಿದ್ದೇನೆ.

ಅಡಕೆತೋಟ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಕೊಯ್ಲು ಶುರುವಾಗಿತ್ತು. ‘ಕಾದಲ್’ ತೋರಿಸಿದೆ. ಎರಡು ರಾತ್ರಿ ಹಿಡಿಯಿತು. ಅಡಕೆ ಸುಲಿಯುತ್ತಾ ಕೂತಿದ್ದರು ಅಮ್ಮ. ನಾನು ಅರ್ಥವಾಗದ ಕಡೆ ಹೇಳುತ್ತಾ ಹೋದೆ.

ಮೊದಲ ರಾತ್ರಿ ‘ಮಮ್ಮುಟ್ಟಿ ಯಾಕೆ ಇಂಥ ಪಾರ್ಟು ಒಪ್ಕೊಂಡ?’ ಅಂದರು, ಅಷ್ಟೆ. ಎರಡನೇ ರಾತ್ರಿ ಮಾತಿಲ್ಲ. ಅಪ್ಪನಿಗೆ ಮೊದಲೇ ಗೊತ್ತಿತ್ತು ಅನ್ನುವಲ್ಲಿ ಕತ್ತಿ ಕೆಳಗಿಟ್ಟರು. ಮುಗಿದ ಮೇಲೆ ಕೇಳಿದರು, ‘ಆ ಓಮನಂಗೆ ಎಷ್ಟು ವಯಸ್ಸಾಗಿರಬಹುದು ಈಗ?’ ನಲವತ್ತು ದಾಟಿರಬೇಕು ಅಂದೆ. ‘ಇಪ್ಪತ್ತು ವರ್ಷ’ ಅಂತ ತಮಗೆ ತಾವೇ ಹೇಳಿಕೊಂಡರು. ಆಮೇಲೆ ನನ್ನ ಮುಖ ನೋಡಿ, ‘ಇದನ್ನ ಸುಮ್ನೆ ತೋರಿಸಿಲ್ಲ ಅಲ್ವಾ ನೀನು?’ ಅಂದರು. ಸುಳ್ಳು ಹೇಳಲು ಆಗಲಿಲ್ಲ, ನಿಜ ಹೇಳುವುದು ನನ್ನ ಹಕ್ಕಲ್ಲ. ಸುಮ್ಮನಿದ್ದೆ. ಎದ್ದು ಹೋಗಿ ಮಲಗಿದರು. ಬಹಳ ಹೊತ್ತು ಅವರ ಕೋಣೆಯ ಲೈಟ್ ಉರಿಯುತ್ತಿತ್ತು.

ಅಮ್ಮ ತಮ್ಮನ ಜೊತೆ ಇನ್ನೂ ಏನೂ ಮಾತಾಡಿಲ್ಲ. ನಾಳೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಆದರೆ ಈ ಭಾನುವಾರ ಸಾಗರದ ಕಡೆಯಿಂದ ಹೆಣ್ಣಿನ ಮನೆಯವರು ಬರುವವರಿದ್ದರು. ಬೆಳಿಗ್ಗೆ ಎದ್ದವರೇ ಅಮ್ಮ ಅವರಿಗೆ ಫೋನ್ ಮಾಡಿ, ‘ಸದ್ಯಕ್ಕೆ ಬರೋದು ಬೇಡ, ನಿಮ್ಮ ಹುಡುಗಿಗೆ ಬೇರೆ ಕಡೆ ನೋಡಿ, ಒಳ್ಳೆ ಹುಡುಗಿ’ ಅಂದರು. ಯಾಕೆ ಅಂತ ಅಪ್ಪ ಕೇಳಿದರು. ‘ಹುಡುಗ ಊರಿಗೆ ಬರಲಿ, ಮೊದಲು ಅವನ್ನ ಕೇಳ್ತೀನಿ’ ಅಂದು ಹಿತ್ತಲಿಗೆ ಹೋದರು.

ಮುಸ್ಸಂಜೆ

ಆ ಸಾಗರದ ಹುಡುಗಿಗೆ ಇದು ಯಾವತ್ತೂ ಗೊತ್ತಾಗುವುದಿಲ್ಲ. ಅವಳ ಪರವಾಗಿ ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.